ಭಾಗಮ್ಮನ ಚಕ್ಕೋತಕ್ಕೆ ಬೈದವರು

ಈ ಕಥೆ ನಿಜವಾಗಿ ನಡೆದದ್ದು. ಹೇಳುತ್ತಿರುವವನು ನಾನಾದ್ದರಿಂದ ನಿಮ್ಮ ಹುಬ್ಬು ಮೇಲೇರುತ್ತದೆ, ಏರಲಿ. ನನ್ನ ಬಾಯಿಂದ ನನ್ನದೇ ದನಿ ಬರುವುದು ಅಪರೂಪ ಎಂದು ಊರಿಗೆಲ್ಲ ಗೊತ್ತು. ಹೆಡ್‌ಮಾಸ್ಟರರ ಮೂಗುದನಿ, ಕಂಪೌಂಡರರ ಕೆಮ್ಮು, ಪುರಸಭೆಯ ಅಧ್ಯಕ್ಷರು ಮೈಕಿನ ಮುಂದೆ ನಿಂತರೆ ಅವರ ಗಂಟಲಲ್ಲಿ ಉರುಳಾಡುವ ಗೋಲಿ, ಎಲ್ಲವೂ ನನ್ನ ಹತ್ತಿರ ಇವೆ. ಬಿ.ಎ. ಮಾಡಿದ್ದೇನೆ. ಪದವಿ ಸಿಕ್ಕಿತು, ಪದಗಳೂ ಸಿಕ್ಕವು, ಪದವಿಗೆ ತಕ್ಕ ಕೆಲಸ ಮಾತ್ರ ಸಿಗಲಿಲ್ಲ. ಹಾಗಾಗಿ ಪುರಸಭೆಯ ಆಟೋದಲ್ಲಿ ಮೈಕು ಹಿಡಿದು ಕೂತು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಬೀದಿ ಬೀದಿ ಕೂಗುತ್ತೇನೆ. ನೀರು ಬಾರದ ಸುದ್ದಿಯನ್ನು ಅಧ್ಯಕ್ಷರ ದನಿಯಲ್ಲೇ ಹೇಳಿ ಒಮ್ಮೆ ನೋಟಿಸು ತಿಂದಿದ್ದೇನೆ. ಇವತ್ತಿನದು ಮಾತ್ರ ನನ್ನ ಸ್ವಂತ ದನಿ.

ನಮ್ಮೂರಲ್ಲಿ ಗಿಡಗಳು ಬೈಗುಳಕ್ಕೆ ಬೆಳೆಯುತ್ತವೆ. ನೀರು, ಬಿಸಿಲು, ಗೊಬ್ಬರ ಬೇರೆ ಊರುಗಳಲ್ಲಿ ಬೇಕಾದಷ್ಟೇ ಇಲ್ಲೂ ಬೇಕು. ಅದರ ಜೊತೆಗೆ ನೆಟ್ಟವರು ಎದುರಿಗೆ ನಿಂತು, ಮನಸ್ಸಿಟ್ಟು ನಾಲ್ಕು ಮಾತು ಬೈಯಬೇಕು. ಬೈಯದಿದ್ದರೆ ದಾಸವಾಳ ಹೂ ಬಿಡುವುದಿಲ್ಲ, ನುಗ್ಗೆ ಕಾಯಿ ಕಚ್ಚುವುದಿಲ್ಲ, ಕರಿಬೇವು ಒಗ್ಗರಣೆಗೂ ಒದಗುವುದಿಲ್ಲ. ತುಟಿಯ ತುದಿಯಿಂದ ಬೈದರೂ ನಡೆಯದು, ಗಿಡಕ್ಕೆ ತಿಳಿದುಬಿಡುತ್ತದೆ. ಬೆಳಗಿನ ಬಸ್ಸಿಗೆ ಬಂದಿಳಿದ ಹೊರಗಿನವರು ಕಾಂಪೌಂಡುಗಳ ಒಳಗಿಂದ ಬರುವ ಕೂಗಾಟ ಕೇಳಿ, ಊರಿಗೆ ಊರೇ ಆಸ್ತಿ ಪಾಲಿಗೆ ಕೂತಿದೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಬೈಗುಳವೆಲ್ಲ ಗಿಡಗಳಿಗೇ ಖರ್ಚಾಗಿ ಮನುಷ್ಯರಿಗೆ ಉಳಿಯುವುದು ಕಡಿಮೆ. ಹೆಣ್ಣು ಕೊಡುವವರು ಮೊದಲು ಗಂಡಿನ ಮನೆಯ ಹಿತ್ತಲು ನೋಡುತ್ತಾರೆ. ಗಿಡಗಳು ತೀರಾ ಸೊಂಪಾಗಿದ್ದರೆ ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದುಬಿಡುತ್ತಾರೆ. ಬೋಳು ಹಿತ್ತಲಿನ ಹುಡುಗರಿಗೆ ಬೇಗ ಮದುವೆಯಾಗುತ್ತದೆ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಚಂದ್ರಭಾಗಮ್ಮನವರದು. ಊರು ಕರೆಯುವುದು ಭಾಗಮ್ಮ ಎಂದು. ಹೊಳೆಯ ಕಡೆ ಇಳಿಯುವ ಶಾಲೆಯ ಓಣಿಯಲ್ಲಿ ಕೊನೆಯ ಮನೆ. ದಾಸವಾಳ, ನಿಂಬೆ, ಸೀಬೆ, ಗುಲಾಬಿ, ಏನುಂಟು ಏನಿಲ್ಲ. ಎಲ್ಲಕ್ಕೂ ಮುಂದೆ, ಓಣಿಗೆ ತಲೆ ಚಾಚಿಕೊಂಡು ಒಂದು ಚಕ್ಕೋತದ ಮರ. ಅದರ ಒಂದು ಹಣ್ಣನ್ನು ಎತ್ತಿಕೊಂಡು ಹೋಗುವವರನ್ನು ದೂರದಿಂದ ನೋಡಿದರೆ ಮಗು ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಬೇಕು, ಅಂಥ ಗಾತ್ರ. ಮದುವೆಯಾಗಿ ಈ ಊರಿಗೆ ಬಂದ ವರ್ಷ ಭಾಗಮ್ಮ ತಾವೇ ಗುಂಡಿ ತೋಡಿ ನೆಟ್ಟ ಸಸಿಯಂತೆ. "ಈ ಊರಲ್ಲಿ ನನ್ನ ಮಾತು ಮೊದಲು ಕೇಳಿದ್ದು ಇದೊಂದೇ ಕಣ್ರೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೊಸ ಸೊಸೆಯರನ್ನು ಬೈಯುವುದು ಕಲಿತು ಬಾ ಎಂದು ಅವರಲ್ಲಿಗೆ ಕಳಿಸುವ ವಾಡಿಕೆಯಿತ್ತು. ಆ ಹುಡುಗಿಯರನ್ನು ಮರದ ಕೆಳಗೆ ನಿಲ್ಲಿಸಿ, "ಹೊಟ್ಟೆಯಿಂದ ಬರಬೇಕು, ಮೂಗಿನಿಂದಲ್ಲ. ನೋಡಿ ಈ ಹಣ್ಣು. ಇದು ಬೈಗುಳ ಅಂದ್ರೆ" ಎಂದು ಪಾಠ ಹೇಳುತ್ತಿದ್ದರು.

ಅವರ ಯಜಮಾನರು ವೆಂಕೋಬರಾಯರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸೊಳ್ಳೆ ಕೂತರೂ "ಸ್ವಲ್ಪ ಆಚೆ ಹೋಗಪ್ಪ" ಎನ್ನುವ ಮನುಷ್ಯ. ಅಂಥವರು ನೆಟ್ಟರೆ ಗರಿಕೆಯೂ ಬದುಕದು ಎಂದು ಓಣಿಯೆಲ್ಲ ನಂಬಿತ್ತು. ಅವರು ಹೆಂಡತಿಗೆ ಎದುರು ಮಾತಾಡಿದ್ದನ್ನು ಕೇಳಿದವರಿಲ್ಲ. "ಆಯ್ತು ಭಾಗೂ" ಎಂಬ ಎರಡು ಪದದಲ್ಲಿ ಅವರ ಸಂಸಾರ ಸಾಂಗವಾಗಿ ನಡೆದುಬಂದಿತ್ತು.

ಆ ವರ್ಷ ಗಾಳಿಯೂ ಹೊಳೆಯೂ ಮಾತಾಡಿಕೊಂಡು ಬಂದ ಹಾಗೆ ಒಂದೇ ಸಲಕ್ಕೆ ಬಂದವು. ಗಾಳಿ ಕೊಂಬೆಗಳನ್ನು ಮುರಿದು ಹಾಕಿತು. ಹಿಂದೆಯೇ ನೆರೆ ಬಂತು. ನೆರೆಯ ಹಿಂದೆ ನೆರೆಯವರೆಲ್ಲ ಪಾತ್ರೆಪಗಡ ಹೊತ್ತು ಎತ್ತರದ ಮನೆಗಳಿಗೆ ಬಂದರು. ಭಾಗಮ್ಮ ಮಾತ್ರ ಜಗಲಿ ಬಿಟ್ಟು ಕದಲಲಿಲ್ಲ. ಕಂಬ ಹಿಡಿದುಕೊಂಡು ಹೊಳೆಗೇ ಬೈಯಲು ನಿಂತರು. "ನಿನ್ನ ಮನೆ ಹಾಳಾಗ! ನಿನ್ನ ದಾರಿ ಬಿಟ್ಟು ನಮ್ಮ ಹಿತ್ತಲಿಗೆ ಬರ್ತೀಯಾ? ಯಾರು ಕರೆದ್ರೇ ನಿನ್ನ?" ಎಂಬ ಕೂಗು ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹೊಳೆ ಇಳಿಯಿತು. ಅದರ ಜೊತೆಗೆ ಭಾಗಮ್ಮನ ದನಿಯೂ ಇಳಿದುಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ.

ಊರು ಹೂಳು ತೆಗೆಯಲು ನಿಂತಿತು. ತೆಗೆಯದಿದ್ದರೆ ಗಿಡಗಳನ್ನೇ ಹೂಳಬೇಕಾಗುತ್ತಿತ್ತು. ಮನೆ ಮನೆಯಲ್ಲೂ ಜನ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ತಮ್ಮ ತಮ್ಮ ಗಿಡಗಳಿಗೆ ಬೈಯುತ್ತಿದ್ದರು. ಭಾಗಮ್ಮನ ಹಿತ್ತಲೊಂದೇ ಸದ್ದಿಲ್ಲದೆ ಬಿದ್ದಿತ್ತು. ಚಕ್ಕೋತ ಒಂದು ಕಡೆಯ ಬೇರುಗಳೆಲ್ಲ ಕಿತ್ತು ಕಾಂಪೌಂಡಿನ ಮೇಲೆ ಒರಗಿತ್ತು. ನಾವು ಓಣಿಯವರು ಬೇರುಗಳಿಗೆ ಒದ್ದೆ ಗೋಣಿ ಹೊದಿಸಿ, ಹಗ್ಗ ಕಟ್ಟಿ ಎಳೆದು, ಬಿದಿರಿನ ಊರುಗೋಲು ಕೊಟ್ಟು ನಿಲ್ಲಿಸಿದೆವು. ಹಗ್ಗ ಉಜ್ಜಿ ತೊಗಟೆ ಸುಲಿಯದಿರಲೆಂದು ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿದೆವು. ನಿಂತಿತು ನಿಜ, ಆದರೆ ಎಲೆಯೆಲ್ಲ ಉದುರಿಹೋಯಿತು. ಶಾಲೆಯ ಓಣಿಗೆ ಬಾಗಿದ ಮರ ಬೇರೆ. ಸೋಮವಾರ ಶಾಲೆ ಮತ್ತೆ ತೆರೆಯುವುದರೊಳಗೆ ಜೀವದ ಗುರುತು ಕಾಣದ ಮರಗಳನ್ನು, ಮಕ್ಕಳ ಮೇಲೆ ಬೀಳುವ ಮುಂಚೆ ಕಡಿಯಲಾಗುವುದು ಎಂದು ಪುರಸಭೆ ತೀರ್ಮಾನಿಸಿತು. ಅದನ್ನು ಓಣಿಯಲ್ಲಿ ಕೂಗಿ ಹೇಳಿದವನು ನಾನೇ. ಭಾಗಮ್ಮ ಗೇಟಿನಲ್ಲಿ ನಿಂತು ಕೇಳಿಸಿಕೊಂಡರು.

ಮಾರನೆಯ ದಿನ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆ ಬಾಗಿಲಿಗೆ ಬಂದರು. ಭಾಗಮ್ಮ ನನ್ನತ್ತ ಬೆರಳು ಮಾಡಿ, ಅದೇ ಬೆರಳಿನಿಂದ ತಮ್ಮ ಗಂಟಲು ತೋರಿಸಿ, ಕೈಯನ್ನು ಗಿಣಿಯ ಕೊಕ್ಕಿನಂತೆ ಪಟಪಟ ಆಡಿಸಿ, ಕೊನೆಗೆ ಯಾರದೋ ಕಪಾಳಕ್ಕೆ ಹೊಡೆಯುವ ಹಾಗೆ ಗಾಳಿಯಲ್ಲಿ ಬೀಸಿದರು. ರಾಯರು ತರ್ಜುಮೆ ಮಾಡಿದರು.

"ನಿನಗೆ ಬಿಡುವಿದ್ರೆ ನಮ್ಮನೆ ಕಡೆ ಸ್ವಲ್ಪ ಬರಬೇಕಂತಪ್ಪ ನಂಜುಂಡ."

"ಇಷ್ಟೇನಾ ರಾಯರೇ? ಕೊನೇಲಿ ಕೈ ಬೀಸಿದ್ರಲ್ಲ?"

"ಅದು... ವಿಶ್ವಾಸಕ್ಕೆ."

ಭಾಗಮ್ಮ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದರು.

"ಆಯ್ತು ಭಾಗೂ, ಹೇಳ್ತೀನಿ. ಇಷ್ಟು ವರ್ಷ ಇವಳ ಬೆನ್ನ ಹಿಂದೆ ಇವಳ ದನಿ ಮಾಡಿ ಜನರನ್ನ ನಗಿಸಿದೆಯಲ್ಲ, ಅದೆಲ್ಲ ಇವಳಿಗೆ ಗೊತ್ತಂತೆ."

ಹಾಲಿನ ಅಂಗಡಿಯ ಕಟ್ಟೆಯ ಮೇಲೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ನಾನು ಎಷ್ಟು ಭಾಗಮ್ಮನಾಗಿದ್ದೆನೋ ಲೆಕ್ಕವಿಲ್ಲ. "ಗೊತ್ತಿದ್ದೂ ಸುಮ್ಮನಿದ್ರಾ?" ಎಂದೆ.

ಭಾಗಮ್ಮ ಅಂಗೈಯನ್ನು ಅತ್ತಿತ್ತ ಹೊರಳಿಸಿದರು.

"ಸುಮಾರಾಗಿ ಮಾಡ್ತೀಯಂತೆ" ಎಂದರು ರಾಯರು. "ಅದನ್ನೇ ಈಗ ಎದುರಿಗೆ ಬಂದು ಮಾಡಬೇಕಂತೆ. ಗಿಡಗಳ ಮುಂದೆ. ಎಲ್ಲ ಗಿಡಾನೂ ಹೋದ್ರೂ ಹೋಗ್ಲಿ, ಚಕ್ಕೋತ ಒಂದು ಉಳೀಬೇಕು ಅಂತ ಕೇಳ್ಕೋತಿದ್ದಾಳೆ." ಈ ಸಲ ಭಾಗಮ್ಮ ತಿವಿಯಲಿಲ್ಲ. ತರ್ಜುಮೆ ಸರಿಯಾಗಿತ್ತು.

ನಾನು ಬೆಳಗಿನ ಬಿಸಿಲಿಗೇ ಹೋದೆ. ಸುದ್ದಿ ಹೇಗೆ ಹಬ್ಬಿತೋ, ಕಾಂಪೌಂಡಿನ ಮೇಲೆ ತಲೆಗಳ ಸಾಲು. ಜನ ಕಂಡರೆ ನನ್ನ ನಾಲಗೆ ಸುಮ್ಮನಿರುತ್ತದೆಯೇ? ಸೆರಗಿಗೆ ಬದಲು ಟವೆಲು ಸೊಂಟಕ್ಕೆ ಸಿಕ್ಕಿಸಿ, ದಾಸವಾಳದ ಮುಂದೆ ನಿಂತು, "ಏನೇ ದಾಸವಾಳಾ, ದಾಸಯ್ಯನ ಹಾಗೆ ಬರಿಗೈಲಿ ನಿಂತಿದ್ದೀಯಲ್ಲೇ! ಹೂವೆಲ್ಲೇ? ಹೊಳೆಗೆ ಬಾಗಿನ ಕೊಟ್ಟೆಯೇನೇ?" ಎಂದು ಭಾಗಮ್ಮನ ದನಿಯಲ್ಲಿ ಶುರು ಮಾಡಿದೆ. ಕಾಂಪೌಂಡಿನ ಮೇಲಿನ ತಲೆಗಳೆಲ್ಲ ಚಪ್ಪಾಳೆ ತಟ್ಟಿದವು. ದಾಸವಾಳ ತನ್ನಲ್ಲಿ ಉಳಿದಿದ್ದ ಒಂದೇ ಒಂದು ಎಲೆಯನ್ನೂ ಉದುರಿಸಿತು.

ಭಾಗಮ್ಮ ಬಂದು ನನ್ನ ಕಿವಿ ಹಿಡಿದರು. ಹಿಡಿದು ಎಳೆದು ಹಿತ್ತಲ ಮಧ್ಯಕ್ಕೆ ಹೊರಟವರು ಅಲ್ಲೇ ತಡೆದು, ನನ್ನ ಪಾದದತ್ತ ಬೆರಳು ತೋರಿಸಿ ತಲೆ ಚಚ್ಚಿಕೊಂಡರು.

"ಒದ್ದೆ ನೆಲ ತುಳಿಯಬೇಡ ಅಂತಿದ್ದಾಳೆ" ಎಂದು ರಾಯರು ಜಗಲಿಯಿಂದ ಹೇಳಿದರು. "ನೀನು ತುಳಿದ್ರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತಂತೆ. ಹಲಗೆ ಹಾಸ್ಕೊಂಡು ಅದರ ಮೇಲೆ ಕೂತ್ಕೋಬೇಕಂತೆ."

ಹಲಗೆ ಹಾಸಿದೆ, ಕೂತೆ. ಆಮೇಲೆ ಗೊತ್ತಾಯಿತು ಬೈಗುಳವೆಂದರೆ ಬರೀ ಬಾಯಿಯ ಕೆಲಸವಲ್ಲ ಎಂದು. ಗಿಡದ ಕತ್ತಿನವರೆಗೆ ಮೆತ್ತಿಕೊಂಡಿದ್ದ ಹೂಳನ್ನು ಕೈಯಿಂದಲೇ ಬಗೆದು, ಬೇರು ಹೊರಡುವ ಜಾಗ ಕಾಣುವವರೆಗೆ ಬಿಡಿಸಬೇಕು. ಎಲೆಯ ಮೇಲೆ ಒಣಗಿದ ಕೆಸರನ್ನು ತಿಳಿನೀರಿನಿಂದ ಮೆಲ್ಲಗೆ ತೊಳೆಯಬೇಕು, ಇಲ್ಲದಿದ್ದರೆ ಎಲೆಗೆ ಬಿಸಿಲು ಸೇರುವುದಿಲ್ಲ. ಸೀಳಿದ ಕೊಂಬೆಯನ್ನು ಗರಗಸದಿಂದ ನುಣ್ಣಗೆ ಕೊಯ್ಯಬೇಕು, ಬರೀ ಬಾಗಿದ್ದನ್ನು ಮುಟ್ಟಬಾರದು. ನಾನು ಅಕ್ಕರೆಯಿಂದ ಒಂದು ಬೊಗಸೆ ಗೊಬ್ಬರ ಹಾಕಲು ಹೋದಾಗ ಭಾಗಮ್ಮ ನನ್ನ ಕೈಯನ್ನು ಪಟಾರನೆ ಹೊಡೆದು, ಹೊಟ್ಟೆ ಹಿಡಿದುಕೊಂಡು ಬಾಗಿ, ವಾಂತಿ ಬಂದವರಂತೆ ಅಭಿನಯಿಸಿ ತೋರಿಸಿದರು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ಜ್ವರದಲ್ಲಿ ಮಲಗಿದವರಿಗೆ ಯಾರಾದರೂ ಹೋಳಿಗೆ ಬಡಿಸುತ್ತಾರೆಯೇ?

ಬಿಸಿಲು ನೆತ್ತಿಗೇರಿತು. ನೋಡಲು ಬಂದವರು ಊಟಕ್ಕೆ ಹೋದರು. ನನ್ನ ಸೊಂಟ ಬಿಟ್ಟುಹೋಗಿತ್ತು, ಉಗುರಿನೊಳಗೆ ಮುಳ್ಳು, ಮೂಗಿನ ಮೇಲೆ ನೊಣ, ಓಡಿಸೋಣವೆಂದರೆ ಕೈತುಂಬ ಕೆಸರು. ಆಗ ದಾಸವಾಳದ ಮೇಲೆ ನಿಜಕ್ಕೂ ಸಿಟ್ಟು ಬಂತು. ಬಂದ ಸಿಟ್ಟು ಅಭ್ಯಾಸಬಲದಿಂದ ಭಾಗಮ್ಮನ ದನಿಯಲ್ಲೇ ಬಂತು. "ಏನೇ ಬಿನ್ನಾಣಗಿತ್ತಿ, ಯಾರು ತೊಳೀಬೇಕೇ ಇದನ್ನೆಲ್ಲ? ನಿನ್ನ ಬಾಣಂತನಕ್ಕೆ ಬಂದಿದ್ದೀನೇನೇ ನಾನು? ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದು ಸಾಕು, ಏಳು, ಎದ್ದು ನಾಲ್ಕು ಎಲೆ ಬಿಡೋದು ಕಲಿ!" ನಗಲು ಯಾರೂ ಇರಲಿಲ್ಲ. ಮರುದಿನ ಬೆಳಗ್ಗೆ ಹೋದರೆ ದಾಸವಾಳದ ಗಿಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚಿಗುರು. ಭಾಗಮ್ಮ ಅದನ್ನು ನೋಡಿ ನನ್ನ ಬೆನ್ನು ತಟ್ಟಿದರು, ಸ್ವಲ್ಪ ಜೋರಾಗಿಯೇ.

ಅಲ್ಲಿಂದ ಆ ವಾರವೆಲ್ಲ ಅದೇ ಕೆಲಸ. ಬೆಳಗ್ಗೆ ಆಟೋ, ಆಮೇಲೆ ಹಿತ್ತಲು. ನಿಂಬೆಗೆ ಒಂದು ಬೈಗುಳ, ಸೀಬೆಗೆ ಇನ್ನೊಂದು. ಭಾಗಮ್ಮ ಪಕ್ಕದಲ್ಲಿ ಹಲಗೆ ಹಾಕಿಕೊಂಡು ಕೂತು ಹೂಳು ಬಿಡಿಸುತ್ತಿದ್ದರು. ನಾನು ಬೈಯುವಾಗ ಅವರ ತುಟಿಗಳೂ ನನ್ನ ಜೊತೆಗೆ ಆಡುತ್ತಿದ್ದವು, ಸದ್ದು ಮಾತ್ರ ನನ್ನದು. ಓಣಿಯಲ್ಲಿ ಹೋಗುವವರು ಭಾಗಮ್ಮನಿಗೆ ದನಿ ಬಂತೆಂದು ಗೇಟು ತೆರೆದು ಒಳಗೆ ಬಂದು, ನನ್ನನ್ನು ಕಂಡು ನಿರಾಸೆಯಿಂದ ವಾಪಸು ಹೋಗುತ್ತಿದ್ದರು. ಡಾಕ್ಟರು ಬಂದು ಟಾರ್ಚು ಬಿಟ್ಟು ನೋಡಿ, "ಗಂಟಲು ವಾಸಿಯಾಗಿದೆ ತಾಯಿ, ಮಾತಾಡಿ" ಎಂದರು. ಭಾಗಮ್ಮ ಬಾಯಿ ತೆರೆದರು. ಗಾಳಿ ಬಂತು. ಇನ್ನೊಮ್ಮೆ ತೆರೆದರು. "ಭಯ ಹೋಗಬೇಕು, ಅಷ್ಟೆ" ಎಂದು ಡಾಕ್ಟರು ಚೀಲ ಎತ್ತಿಕೊಂಡರು. ಆ ದಿನ ಭಾಗಮ್ಮ ಹಿತ್ತಲಿಗೆ ಬರಲಿಲ್ಲ.

ಎಲ್ಲ ಗಿಡಗಳೂ ಒಂದೊಂದಾಗಿ ಎಚ್ಚರಾದವು, ಚಕ್ಕೋತವೊಂದನ್ನು ಬಿಟ್ಟು. 

ಅದಕ್ಕೆ ನಾನು ಬೈಯದೆ ಬಿಟ್ಟ ಬೈಗುಳವಿಲ್ಲ. ಹೂಳು ತೆಗೆದಾಗಿತ್ತು, ಮುರಿದ ಕೊಂಬೆ ಕೊಯ್ದಾಗಿತ್ತು, ಬೇರಿಗೆ ಹೊಸ ಮಣ್ಣು ಕೊಟ್ಟು ಒದ್ದೆ ಗೋಣಿ ಹೊದಿಸಿ ನೆರಳು ಮಾಡಿದ್ದಾಗಿತ್ತು. ಬೈದು ಬೈದು ನನ್ನ ಸ್ವಂತ ಗಂಟಲೇ ಕಟ್ಟುವ ಹಂತಕ್ಕೆ ಬಂತು. ಮರ ಮಾತ್ರ ಇದು ತನಗೆ ಸಂಬಂಧಪಟ್ಟದ್ದೇ ಅಲ್ಲ ಎಂಬಂತೆ ನಿಂತಿತ್ತು. ಪುರಸಭೆಯ ಮರ ಕಡಿಯುವ ಮೇಸ್ತ್ರಿ ಮುದ್ದಪ್ಪ ಶನಿವಾರ ಬಂದು ಉಗುರಿನಿಂದ ತೊಗಟೆ ಕೆರೆದು ನೋಡಿದ. ಜೀವವಿದ್ದರೆ ಒಳಗೆ ಹಸಿರು ಇರಬೇಕು. ಬೀಡಿಯ ಎಲೆಯ ಬಣ್ಣವಿತ್ತು.

"ನಾಳೆ ಸಂಜೆವರೆಗೆ ಬಿಡ್ತೀನಿ ಅವ್ವಾ" ಎಂದ ಮುದ್ದಪ್ಪ, ಭಾಗಮ್ಮನ ಮುಖ ನೋಡದೆ. "ಸೋಮವಾರ ಮಕ್ಕಳು ಬರ್ತವೆ. ನನ್ನ ಕೈಲಿ ಇಷ್ಟೇ ಇರೋದು."

ಭಾಗಮ್ಮ ಮರದ ಬುಡದಲ್ಲಿ ಕೂತರು. ನನಗೆ ಸನ್ನೆ ಮಾಡಿ ತಮ್ಮ ಗಂಟಲು ಮುಟ್ಟಿಕೊಂಡರು, ಮರ ಮುಟ್ಟಿದರು, ತಲೆ ಅಲ್ಲಾಡಿಸಿದರು. ತರ್ಜುಮೆಗೆ ರಾಯರು ಹತ್ತಿರವಿರಲಿಲ್ಲ, ಆದರೂ ತಿಳಿಯಿತು. ಉಳಿದವೆಲ್ಲ ಎರವಲು ದನಿಗೆ ಒಪ್ಪಿಕೊಂಡವು. ಇದು ನನ್ನದು, ನನ್ನ ದನಿಯನ್ನೇ ಕೇಳುತ್ತಿದೆ, ನಾನು ಕೊಡಲಾರೆ, ಎನ್ನುತ್ತಿದ್ದರು. ನಾನು ಬೇರಿನ ಗೋಣಿಗೆ ಇನ್ನೊಂದಿಷ್ಟು ನೀರು ಚಿಮುಕಿಸಿದೆ.

ಆ ದಿನಗಳಲ್ಲಿ ಇನ್ನೊಂದನ್ನು ಗಮನಿಸಿದ್ದೆ. ನಾನು ಹಿತ್ತಲಿಗೆ ಬರುವ ಹೊತ್ತಿಗೆ ರಾಯರು ಚಕ್ಕೋತದ ಎದುರು ಒಬ್ಬರೇ ನಿಂತಿರುತ್ತಿದ್ದರು. ಏನೋ ಹೇಳಲು ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ನನ್ನನ್ನು ಕಂಡರೆ ಪಂಚೆ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಪಾಪ, ಹೆಂಡತಿಗಾಗಿ ಬೈಯಲು ಕಲಿಯುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ನಕ್ಕಿದ್ದೆ.

ಭಾನುವಾರ ಮಧ್ಯಾಹ್ನ ಮುದ್ದಪ್ಪ ಗರಗಸ, ಹಗ್ಗ ತಂದು ಗೇಟಿನ ಬಳಿ ಇಟ್ಟು ಬೀಡಿ ಹಚ್ಚಿದ. ಭಾಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಿತ್ತಲಲ್ಲಿ ಉಳಿದವರು ನಾನು ಮತ್ತು ರಾಯರು. ರಾಯರು ಮರದ ಮುಂದೆ ಕೈಕಟ್ಟಿ ನಿಂತಿದ್ದರು.

"ನೀವೂ ಒಂದು ಸಲ ಬೈದು ನೋಡಿ ರಾಯರೇ, ಹೋಗೋದೇನು" ಎಂದೆ.

ರಾಯರು ಗಂಟಲು ಸರಿಮಾಡಿಕೊಂಡರು. "ನೋಡಪ್ಪಾ..." ಎಂದರು ಮರಕ್ಕೆ. "ಹೀಗೆಲ್ಲ ಮಾಡಬಾರದು. ಅಂದ್ರೆ, ಬೇಜಾರು ಮಾಡ್ಕೋಬೇಡ..."

"ಬೈಗುಳಾನ ಇದು? ಮದುವೆ ಕರೆಯೋಲೆ ಇದ್ದಂಗಿದೆ."

"ಬರ್ತಿಲ್ಲ ನಂಜುಂಡ. ಎಷ್ಟು ಪ್ರಯತ್ನಪಟ್ಟರೂ ಬರ್ತಿಲ್ಲ" ಎಂದು ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ದುಃಖದ ಹೊತ್ತಿನಲ್ಲಿ ನನಗೆ ಚೇಷ್ಟೆ ಯಾಕೆ ಹೊಳೆಯಿತು ಎಂದು ಕೇಳಬೇಡಿ. ಕೆಲವರಿಗೆ ದುಃಖವಾದರೆ ಬಿಕ್ಕಳಿಕೆ ಬರುತ್ತದೆ, ನನಗೆ ಇದು. ಮೆಲ್ಲಗೆ ಮರದ ಹಿಂದಕ್ಕೆ ಸರಿದು ಭಾಗಮ್ಮನ ದನಿ ತೆಗೆದೆ. ಗಿಡದ ಭಾಗಮ್ಮನಲ್ಲ, ಅಡುಗೆಮನೆಯ ಭಾಗಮ್ಮ.

"ರೀ! ಚಪ್ಪಲಿ ಅಲ್ಲಿ ಯಾಕೆ ಬಿಟ್ಟಿದ್ದೀರಿ? ದಾರೀಲಿ ಬಿಡ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಆಯ್ತು ಭಾಗೂ" ಎಂದು ರಾಯರು ಹೋಗಿ ಚಪ್ಪಲಿಯನ್ನು ಗೋಡೆಗೆ ಒತ್ತಿ ಜೋಡಿಸಿಟ್ಟರು. ಇಟ್ಟ ಮೇಲೆ ನೆನಪಾಯಿತು. "ಲೋ ನಂಜುಂಡ, ಬೇಡ ಕಣಪ್ಪ" ಎಂದು ಪೆಚ್ಚಾಗಿ ನಕ್ಕರು. ಗೇಟಿನ ಬಳಿ ಮುದ್ದಪ್ಪನಿಗೆ ಕೆಮ್ಮು ಬಂತು.

ಒಬ್ಬ ನಕ್ಕರೆ ಸಾಕು, ನಾನು ನಿಲ್ಲುವವನಲ್ಲ. "ಅಂಗಿ ಗುಂಡಿ ಹಾಕ್ಕೊಳ್ಳಿ. ಎಲೆ ಅಡಿಕೆ ಅಲ್ಲಿ ಉಗುಳ್ಬೇಡಿ. ಮರ ಕಡಿಯೋಕೆ ಬಂದಿದ್ದಾರೆ, ಗೊಂಬೆ ಥರ ನಿಂತಿದ್ದೀರಲ್ಲ. ಏನಾದ್ರೂ ಮಾಡಿ ಗೊತ್ತೇನ್ರೀ ನಿಮಗೆ ಜನ್ಮದಲ್ಲಿ? ನಿಮ್ಮ ಕೈಯಲ್ಲಿ ಒಂದು ಗಿಡ ಬದುಕಿದ್ದುಂಟೇನ್ರೀ?"

"ಸಾಕು ನಿಲ್ಸು!"

ಆ ದನಿ ಎಲ್ಲಿಂದ ಬಂತೆಂದು ನಾನು ಸುತ್ತ ನೋಡಿದೆ. ನನ್ನ ಸಂಗ್ರಹದಲ್ಲಿಲ್ಲದ ದನಿ. ರಾಯರ ಕತ್ತಿನ ನರ ಉಬ್ಬಿತ್ತು.

"ಬದುಕಿದ್ದುಂಟಾ ಅಂತ ಕೇಳ್ತೀಯಾ? ಇದು ಯಾರದ್ದು ಅಂದ್ಕೊಂಡಿದ್ದೀಯ? ನೀನು ನೆಟ್ಟಿದ್ದು ಮೊದಲನೇ ಬೇಸಿಗೇಲೇ ಒಣಗಿ ಕಡ್ಡಿಯಾಯ್ತು! ನಾಲ್ಕು ಮಾತು ಸಾಲ್ದು ಅಂತ ಮೂರು ಹೊತ್ತೂ ಬೈದು ಬೈದು ನೀನೇ ಕೊಂದೆ ಅದನ್ನ. ಆಗ ನೀನು ತವರಿಗೆ ಹೋಗಿದ್ದೆ. ಬಂದು ನೋಡಿದ್ರೆ ಅಳ್ತೀಯ ಅಂತ ನಾನು ಸಂತೆಯಿಂದ ಅಂಥದ್ದೇ ಒಂದು ಸಸಿ ತಂದು ಅದೇ ಗುಂಡೀಲಿ ನೆಟ್ಟೆ. ನೀನು ಬಂದು, ನನ್ನ ಬೈಗುಳಕ್ಕೆ ಚಿಗುರ್ತು ಅಂತ ಓಣಿಗೆಲ್ಲ ಸಕ್ಕರೆ ಹಂಚಿದೆ. ಏನು ಹೇಳ್ಲಿ ನಾನು? ಆಯ್ತು ಭಾಗೂ ಅಂದೆ. ಮೂವತ್ತು ವರ್ಷ ಅಂದೆ! ನೀನು ಒಳಗೆ ಅಂದಿದ್ದಕ್ಕೆಲ್ಲ ನಾನು ಇಲ್ಲಿ ಬಂದು ಇದಕ್ಕೆ ಉತ್ತರ ಕೊಟ್ಟೆ. ನನ್ನ ಬಣ್ಣದ ಪೆಟ್ಟಿಗೇನ ಅಟ್ಟಕ್ಕೆ ಎಸೆದ್ಯಲ್ಲ, ಆ ವರ್ಷ ಹಣ್ಣು ಎಂಥಾ ದಪ್ಪ ಬಂತು ನೆನಪಿದೆಯಾ? ಅದು ನಿನ್ನ ಬೈಗುಳ ಅಲ್ಲ ಕಣೇ, ನನ್ನದು! ಎಲ್ಲ ನನ್ನದು!"

ರಾಯರು ಈಗ ಮರದ ಕಡೆ ತಿರುಗಿದರು.

"ನೀನೂ ಒಂದು! ಅವಳು ಮಾತು ಬಿಟ್ಟಾಗಿಂದ ನನಗೆ ಬೈಯೋಕೆ ಏನೂ ಸಿಗ್ತಿಲ್ಲ. ಮನೆ ಭಣಭಣ ಅನ್ನುತ್ತೆ. ದಿನಾ ಬಂದು ನಿನ್ನ ಮುಂದೆ ನಿಂತೆ, ಏನಂತ ಬೈಲಿ ನಿನಗೆ? ಅವಳಿಗೂ ದನಿ ಇಲ್ಲ, ನಿನಗೂ ಜೀವ ಇಲ್ಲ ಅಂದ್ರೆ ನಾನೆಲ್ಲಿಗೆ ಹೋಗ್ಲಿ? ನಾಚಿಕೆ ಆಗಲ್ವಾ ನಿನಗೆ? ಏಳು! ಏಳೇ ಮೂದೇವಿ, ಏಳು!" ಎಂದು ಬೋಳು ಕಾಂಡಕ್ಕೆ ಅಂಗೈಯಿಂದ ಬಡಿದರು.

ಮುದ್ದಪ್ಪ ಬೀಡಿ ಎಸೆದು ಒಳಗೆ ಬಂದ. ಹಲಗೆಯ ಮೇಲೆ ಕಾಲಿಟ್ಟು ಬಂದು, ಹಿಂದಿನ ದಿನ ಕೆರೆದ ಜಾಗದ ಪಕ್ಕದಲ್ಲಿ ಉಗುರಿನಿಂದ ಕೆರೆದ. ಒಳಗೆ ಹೆಸರುಕಾಳಿನ ಬಣ್ಣ. ಇನ್ನೊಂದು ಕಡೆ ಕೆರೆದ. ಅಲ್ಲೂ ಅದೇ, ಒದ್ದೆ ಒದ್ದೆಯಾಗಿ. "ಅವ್ವಾ, ನೋಡ್ ಬನ್ನಿ" ಎಂದು ಮನೆಯ ಕಡೆ ತಿರುಗಿದವನು ಅಲ್ಲೇ ನಿಂತ.

ಭಾಗಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ರಾಯರ ಕೈ ಮರದ ಮೇಲಿಂದ ಜಾರಿತು. "ಅದು... ಭಾಗೂ... ಈ ನಂಜುಂಡ ಏನೇನೋ..." ಎಂದು ಹಳೆಯ ದನಿಗೆ ಮರಳಿದರು. ಭಾಗಮ್ಮ ಅವರನ್ನು ದಾಟಿ ಬಂದು ಹಸಿರು ಕಾಣುತ್ತಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮರವನ್ನು ಬುಡದಿಂದ ತುದಿಯವರೆಗೆ, ಮೊದಲ ಸಲ ನೋಡುವವರಂತೆ ನೋಡಿದರು. ಹಾಗೇ ಗಂಡನನ್ನೂ ನೋಡಿದರು. ಅವರ ಗಲ್ಲ ನಡುಗಿತು, ಭುಜ ಅಲುಗಿತು, ಸೆರಗು ಬಾಯಿಗೆ ಹೋಯಿತು. ನಾನು ಮಾಡಿದ ಕೇಡಿಗೆ ಈಗ ಅಳುವನ್ನೂ ನೋಡಬೇಕಲ್ಲ ಎಂದು ಕಣ್ಣು ತಗ್ಗಿಸಿದೆ.

ಮೊದಲು ತುಕ್ಕು ಹಿಡಿದ ಗೇಟು ಅಲುಗಿದಂತೆ ಒಂದು ಕಿರ್ರೆನ್ನುವ ಸದ್ದು. ನಾನು ಗೇಟಿನತ್ತಲೇ ನೋಡಿದೆ, ಅದು ಮುಚ್ಚಿತ್ತು. ಇನ್ನೊಂದು ಕಿರ್ರ್. ಆಮೇಲೆ ಒಡಕಲು ಒಡಕಲಾಗಿ, "ರೀ..." ಎಂಬ ಒಂದು ದನಿ. ಈ ಸಲ ಅದು ನನ್ನದಲ್ಲ.

"ರೀ... ಕಂಡೋರ ಮರಕ್ಕೆ ಬೈದೆನಲ್ರೀ ನಾನು... ಮೂವತ್ತು ವರ್ಷ!"

ಮುದ್ದಪ್ಪ ಮೊದಲು ನಕ್ಕ. ರಾಯರು ಹೆದರಿ ಹೆದರಿ ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ನಾನು ಮರದ ಹಿಂದಿನಿಂದ ಹೊರಬಂದು ನಕ್ಕೆ. ಭಾಗಮ್ಮ ಚಕ್ಕೋತದ ಕಾಂಡವನ್ನು ತಬ್ಬಿಕೊಂಡು, ನಿಲ್ಲಲಾರದೆ ಅಲ್ಲೇ ಹಲಗೆಯ ಮೇಲೆ ಕುಸಿದು, ತೊಡೆ ಬಡಿದುಕೊಂಡು ನಕ್ಕ ನಗುವಿನ ಮುಂದೆ ನಮ್ಮ ಮೂವರ ನಗು ಎಲ್ಲಿ ಹೋಯಿತೋ ಕೇಳಿಸಲೇ ಇಲ್ಲ. ಓಣಿಯುದ್ದಕ್ಕೂ ಕಾಂಪೌಂಡುಗಳಲ್ಲಿ ಬೈಗುಳಗಳು ಆ ನಗುವಿಗೆ ಕಿವಿಗೊಟ್ಟು ಒಂದೊಂದಾಗಿ ನಿಂತುಹೋದವು.